ಹೆಸರಿಲ್ಲದ ಚೀಟಿ

"ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ನಿಮ್ಮಲ್ಲಿರೋದು ಯಾವುದು ಅಂತ ಹೆಸರು ಹಾಕದೆ ಬರೆದುಕೊಡಿ" ಎಂದು ಕನ್ನಡ ಮೇಷ್ಟ್ರು ತರಗತಿಯಲ್ಲಿ ಚೀಟಿ ಹಂಚಿದರು. ಮೊದಲ ಬೆಂಚಿನ ಹುಡುಗಿಯ ಪ್ರಾಜೆಕ್ಟ್ ಪುಸ್ತಕವನ್ನು ನಿನ್ನೆ ಯಾರೋ ಹರಿದುಹಾಕಿದ್ದರು. ಅವಳ ಅಳು ಇನ್ನೂ ನಿಂತಿರಲಿಲ್ಲ. ಯಾರ ಕೆಲಸವೆಂದು ತಿಳಿಯದೆ ಮೇಷ್ಟ್ರಿಗೆ ಅನ್ನ ಸೇರಿರಲಿಲ್ಲ.

ಚೀಟಿಗಳನ್ನು ಒಂದೊಂದಾಗಿ ಓದತೊಡಗಿದರು. 'ಮದ ಇಲ್ಲದಿದ್ರೆ ಇಂಟರ್‌ವ್ಯೂನಲ್ಲಿ ಕೆಲಸ ಸಿಗಲ್ಲ ಸರ್.' 'ಲೋಭ ಅಂದ್ರೆ ಉಳಿತಾಯ ತಾನೇ?' ತರಗತಿ ನಕ್ಕಿತು. ಮುಂದಿನ ಚೀಟಿಗೆ ಮೇಷ್ಟ್ರ ದನಿ ಇಳಿಯಿತು. 'ಮತ್ಸರ. ಆ ಪುಸ್ತಕ ಹರಿದದ್ದು ನಾನೇ.'

ಅವರ ಕಣ್ಣು ನೇರವಾಗಿ ಕೊನೆಯ ಬೆಂಚಿಗೆ ಹೋಯಿತು.

"ನನ್ನನ್ಯಾಕೆ ನೋಡ್ತೀರಾ ಸರ್? ನಾನು ಬರೆದಿದ್ದು ಕ್ರೋಧ" ಎಂದ ಅಲ್ಲಿ ಕೂತಿದ್ದವನು.

"ಹಾಗಾದ್ರೆ ಇನ್ಯಾರಪ್ಪ?"

ಮೇಷ್ಟ್ರು ಒಂದು ಉಪಾಯ ಹೂಡಿದರು.

"ಹೋಗ್ಲಿ, ಶಿಕ್ಷೆ ಇಲ್ಲ. ಸತ್ಯ ಒಪ್ಪಿಕೊಂಡವರಿಗೆ ಐದು ಇಂಟರ್ನಲ್ ಮಾರ್ಕ್ಸ್ ಕೊಡ್ತೀನಿ. ಹರಿದೋರು ಕೈ ಎತ್ತಿ."

ಒಂದು ಕೈ ಎದ್ದಿತು. ಆಮೇಲೆ ನಾಲ್ಕು. ನೋಡನೋಡುತ್ತ ಇಡೀ ತರಗತಿಯ ಕೈಗಳು ಮೇಲೆದ್ದವು. ಕೊನೆಗೆ ಮೊದಲ ಬೆಂಚಿನ ಹುಡುಗಿಯೂ ಕಣ್ಣೊರೆಸಿಕೊಂಡು ಕೈ ಎತ್ತಿದಳು.