ಉಂಡ ಜಾಗ

"ನಾವು ಕೊಡೋ ಪುಕ್ಕಟೆ ಊಟಾನ ಸಂಬಳಕ್ಕೆ ಸೇರಿಸ್ಬೇಕಾ, ಬೇಡ್ವಾ ಸಾರ್?" ಎಂದು ಲೆಕ್ಕದ ಮೇಡಂ ಕೇಳಿದರೆ ಲಾಂಡ್ರಿಯ ಮ್ಯಾನೇಜರು ಹೊಸ ನಿಯಮದ ಹಾಳೆಯಿಂದ ತಲೆ ಎತ್ತಲಿಲ್ಲ.

"ಕ್ಯಾಂಟೀನಲ್ಲೇ ಊಟ ಮಾಡಿದ್ರೆ ಅದು ಸಂಬಳ ಅಲ್ಲ, ಟ್ಯಾಕ್ಸ್ ಇಲ್ಲ. ಡಬ್ಬಿಗೆ ಹಾಕ್ಕೊಂಡು ಮನೆಗೆ ಒಯ್ದ್ರೆ ಅದೂ ಸಂಬಳಾನೇ, ಟ್ಯಾಕ್ಸ್ ಮುರ್ಕೊಳ್ಳಿ. ನೀರು ಕುಡಿದಷ್ಟು ಸುಲಭ."

ಸುಲಭವಂತೆ! ಮೇಡಂ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಊಟ ಎಲ್ಲಿ ಎಂದು ಕೇಳುತ್ತ ಹೋದರೆ ಒಗೆಯುವವರು, ಮಡಚುವವರು, ಗಾಡಿ ಓಡಿಸುವವರು ಎಲ್ಲರೂ "ಇಲ್ಲೇ" ಎಂದರು. ತಕರಾರು ಬಂದದ್ದು ಇಸ್ತ್ರಿಯವಳ ಹತ್ತಿರ.

"ನಾನು ಇಲ್ಲಿ ಊಟ ಮಾಡಲ್ಲಕ್ಕ. ಹಿಂದಿನ ಬೀದೀಲೇ ಮನೆ. ನನ್ ಪಾಲಿಂದು ಅಮ್ಮಂಗೆ ಒಯ್ತೀನಿ," ಎಂದಳು ಅವಳು, ಆಸ್ಪತ್ರೆಯ ಬಿಳಿ ಹೊದಿಕೆಯ ಮೇಲೆ ಇಸ್ತ್ರಿ ಓಡಿಸುತ್ತ.

"ಹಾಗಾದ್ರೆ ಟ್ಯಾಕ್ಸ್ ಬೀಳುತ್ತೆ."

"ಯಾರಿಗೆ? ಅಮ್ಮಂಗಾ?"

"ನಿಮಗೇ."

"ನಾನು ತಿಂದೇ ಇಲ್ವಲ್ಲಕ್ಕ! ಸಂಬಳಾನೂ ಅಷ್ಟಕ್ಕಷ್ಟೇ, ಅದರಲ್ಲೂ ಮುರ್ಕೊಂಡ್ರೆ ಔಷಧಿಗೆ ಏನ್ಮಾಡ್ಲಿ?"

ಮೇಡಂಗೆ ತಲೆ ಗಿರ್ರೆಂದಿತು. ಅವಳು ಹೇಳುವುದೂ ಸರಿ, ಹಾಳೆಯಲ್ಲಿರುವುದೂ ಸರಿ. ಮತ್ತೆ ಮ್ಯಾನೇಜರನ್ನು ಕೇಳಿದರೆ, "ಯಾರ ಹೊಟ್ಟೆ ಅನ್ನೋದು ನಮಗೆ ಬೇಡ ಕಣ್ರೀ, ಯಾವ ಜಾಗ ಅನ್ನೋದಷ್ಟೇ ಬೇಕು," ಎಂದು ಸಿಡುಕಿದ. ಅದನ್ನೇ ಹೋಗಿ ಇಸ್ತ್ರಿಯವಳಿಗೆ ಒಪ್ಪಿಸಿದಳು.

"ಜಾಗಾನಾ? ಅಷ್ಟೇ ತಾನೇ!" ಎಂದಳು ಅವಳು.

ಮರುದಿನ ಮಧ್ಯಾಹ್ನ, ಒಗೆದ ಬಟ್ಟೆ ಸಾಗಿಸುವ ತಳ್ಳುಗಾಡಿ ಕ್ಯಾಂಟೀನಿನ ಬಾಗಿಲಿಗೆ ಬಂದು ನಿಂತಿತು. ಗಾಡಿಯೊಳಗೆ ದಿಂಬಿಗೆ ಒರಗಿಕೊಂಡು ಗುಬ್ಬಚ್ಚಿಯಂಥ ಮುದುಕಿ! ಇಸ್ತ್ರಿಯವಳು ಅಮ್ಮನನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ ತನ್ನ ಪಾಲಿನ ತಟ್ಟೆಯನ್ನು ಮುಂದಿಟ್ಟಳು. "ಊಟ ಇಲ್ಲೇ ನಡೀತಿದೆ ಸಾರ್," ಎಂದಳು. ಮ್ಯಾನೇಜರು ಇಂಗು ತಿಂದ ಮಂಗನಂತಾದ. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ತಾಯಿಯ ವಿಷಯ ಎಲ್ಲೂ ಇರಲಿಲ್ಲ. "ನೀವೇ ಏನಾದ್ರೂ ಮಾಡ್ಕೊಳ್ಳಿ," ಎಂದು ಜಾರಿಕೊಂಡ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಮೇಡಂ ಕೂಡ ನಗು ತಡೆಯಲಾರದೆ ಇಸ್ತ್ರಿಯವಳ ಹೆಸರಿನ ಮುಂದೆ 'ಊಟ ಇಲ್ಲೇ, ತೆರಿಗೆ ಇಲ್ಲ' ಎಂದು ಬರೆದುಬಿಟ್ಟಳು. ಹಾಯೆನಿಸಿತು.

ಮುದುಕಿ ಎರಡು ತುತ್ತು ಉಂಡವಳು ಸುತ್ತ ನೋಡಿದಳು. ಎಲ್ಲರ ಮುಂದೂ ತಟ್ಟೆ ಇತ್ತು.

"ನಿನ್ ತಟ್ಟೆ ಎಲ್ಲೇ?"

"ನಂದಾಗಲೇ ಆಯ್ತಮ್ಮ. ದಿನಾ ಹೇಳ್ತೀನಲ್ಲ, ಇಲ್ಲೇ ಹೊಟ್ಟೆ ತುಂಬ ಊಟ ಮಾಡ್ತೀನಿ ಅಂತ. ಬೇಕಾದ್ರೆ ಈ ಅಕ್ಕನ್ನ ಕೇಳು, ಬರೆದೂ ಇಟ್ಟಿದಾರೆ," ಎಂದು ಇಸ್ತ್ರಿಯವಳು ಲೋಟದ ನೀರನ್ನು ಗಟಗಟ ಕುಡಿದಳು.

ಮುದುಕಿ ಮೇಡಂ ಕಡೆ ತಿರುಗಿದಳು. "ಹೌದೇನಮ್ಮ?"

ಬರೆದ ಶಾಯಿ ಇನ್ನೂ ಒಣಗಿರಲಿಲ್ಲ.

"ಹೌದಮ್ಮ," ಎಂದಳು ಮೇಡಂ. "ಇಲ್ಲೇ ಊಟ ಮಾಡ್ತಾರೆ."

ಮುದುಕಿ ನೆಮ್ಮದಿಯಿಂದ ಮುಂದಿನ ತುತ್ತು ಕಲೆಸಿದಳು.