ಆರಾಮ

“ಇನ್ನೂರಾ ನಲವತ್ತು ಹೆಣ್ಮಕ್ಳೊಳಗ ಇನ್ನೂರಾ ಮೂವತ್ತೊಂದು ಮಂದಿ ‘ಆರಾಮ ಅದೀನಿ’ ಅಂದಾರ, ಸ್ವಾಮಿ. ಹನ್ನೆರಡು ತಾಸು ದುಡಿದ್ರೂ ಆರಾಮ! ನನಗ ಈ ಕೋರ್ಟಿನ್ಯಾಗ ಎರಡು ತಾಸಿಗೇ ಸೊಂಟ ಹಿಡಿತೈತಿ.” ಗಿರಣಿ ಮಾಲೀಕರ ವಕೀಲ ರೇವಣಸಿದ್ದ, ಕೆಲಸಗಾರ್ತಿಯರ ಪರವಾಗಿ ಸಂಶೋಧಕಿ ಭವ್ಯ ಮಾಡಿದ ಸಮೀಕ್ಷೆಯ, ‘ಹೇಗಿದ್ದೀರಿ?’ ಎಂಬ ಪ್ರಶ್ನೆಯಿದ್ದ ಮೊದಲ ಪುಟವನ್ನು ಎತ್ತಿ ತೋರಿಸಿದರು. ಜನ ನಕ್ಕರು. ದಿನಕ್ಕೆ ಎಂಟೇ ತಾಸು ದುಡಿಸಬೇಕೆಂಬ ನಿಯಮ ತಮಗೆ ಬೇಡವೆಂದು ಕಂಪ್ಲಿಯ ಮಾಲೀಕರು ಕೋರ್ಟನ್ನು ಕೇಳಿದ್ದರು. ನಿಯಮವನ್ನು ಉಳಿಸಲು ಇದ್ದ ಲಿಖಿತ ಪುರಾವೆ ಆ ಸಮೀಕ್ಷೆಯೊಂದೇ. ಸೊಂಟನೋವು, ಗರ್ಭಪಾತಗಳ ವಿವರ ಮುಂದಿನ ಪುಟಗಳಲ್ಲಿತ್ತು. ನ್ಯಾಯಾಧೀಶರು ಕಡತವನ್ನು ಮುಚ್ಚಿ ಬದಿಗಿಟ್ಟರು. ಭವ್ಯ ತಲೆ ತಗ್ಗಿಸಿದಳು.

ಮುಂದಿನ ಸಾಕ್ಷಿಯಾಗಿ ಗಿರಣಿಯ ಕೆಲಸಗಾರ್ತಿ ದುರ್ಗಕ್ಕ ಕಟಕಟೆಗೆ ಬಂದಳು.

“ಹೇಗಿದ್ದೀರಮ್ಮ?” ಎಂದರು ನ್ಯಾಯಾಧೀಶರು.

“ದೇವರು ಇಟ್ಟಂಗ ಆರಾಮ ಅದೀನ್ರಿ. ನೀವು ಆರಾಮೇನ್ರಿ?”

ರೇವಣಸಿದ್ದ ನಕ್ಕರು.

“ಹೋದ ವಾಯಿದೆಗೆ ಯಾಕೆ ಬರಲಿಲ್ಲ?” ಎಂದು ನ್ಯಾಯಾಧೀಶರು ಕೇಳಿದರು.

“ಅವತ್ತು ಮಗಳನ್ನ ಮಣ್ಣು ಮಾಡಿದ್ವಿರಿ.”

ಯಾರೂ ನಗಲಿಲ್ಲ. “ಆರಾಮ ಅಂದಿರಲ್ಲಮ್ಮ?” ಎಂದು ನ್ಯಾಯಾಧೀಶರು ಮೆಲ್ಲಗೆ ಕೇಳಿದರು.

“ಹೆಂಗದೀ ಅಂತ ಕೇಳಿದವ್ರಿಗೆ ಮತ್ತೇನು ಅನ್ನಬೇಕ್ರಿ?”

ನ್ಯಾಯಾಧೀಶರು ಬದಿಗಿಟ್ಟಿದ್ದ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡು ಎರಡನೆಯ ಪುಟ ತೆರೆದರು.