ಸಂಜೆ ಆರರ ಹೆಂಗಸು

ದೆವ್ವದ ಕಾದಂಬರಿಗಳಿಗೆ ಹೆಸರಾದ ಲೇಖಕರೊಬ್ಬರ ಜೀವನಚರಿತ್ರೆ ಬರೆಯಲು ಹುಡುಗಿಯೊಬ್ಬಳು ಅವರ ಮನೆಗೆ ಬಂದಿದ್ದಳು. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು ಮಾತ್ರ ಲೇಖಕರ ಹೆಂಡತಿ.

“ಇವರ ಕಾದಂಬರೀಲಿ ಪಾಳು ಬಂಗಲೆಯಲ್ಲಿ ಸರಪಳಿ ಸದ್ದು ಬರುತ್ತಲ್ಲಮ್ಮ, ಅದು ಎಲ್ಲಿಂದ ಬಂತು?”

“ನಮ್ಮ ತೂಗುಮಂಚದ್ದು. ಎಣ್ಣೆ ಬಿಡಿ ಅಂದ್ರೆ ಬಿಡಲ್ಲ ಇವರು.”

“ಯಾರೂ ತೆರೆಯಬಾರದ ಆ ಕೋಣೆ?”

“ಉಪ್ಪಿನಕಾಯಿ ಭರಣಿ ಇಡೋ ಕೋಣೆ. ಇವರು ಒದ್ದೆ ಕೈ ಹಾಕ್ತಾರೆ ಅಂತ ನಾನೇ ಬೀಗ ಹಾಕಿದೀನಿ.”

“ಸಂಜೆ ಆರಕ್ಕೆ ಸರಿಯಾಗಿ ಗೋಳಿಡೋ ಹೆಂಗಸು?”

ಲೇಖಕರಿಗೆ ಕಾಫಿ ನೆತ್ತಿಗೇರಿತು. “ಅದು ಬರೀ ಕಲ್ಪನೆ!” ಎಂದು ಕೆಮ್ಮಿದರು.

“ಅದೊಂದನ್ನ ಎಲ್ಲಿಂದ ತಂದರೋ, ನನಗೂ ಹೇಳಿಲ್ಲ,” ಎಂದು ಹೆಂಡತಿ ಗಡಿಯಾರ ನೋಡಿ ಎದ್ದರು. “ಅಯ್ಯೋ, ಆರಾಯ್ತು. ನೀವು ಮಾತಾಡ್ತಿರಿ, ನನ್ನ ಸಂಗೀತಾಭ್ಯಾಸದ ಹೊತ್ತು.”